ಕಾಕಾನ ಜಗಳದ ಪಾಠಶಾಲೆ

ನಮ್ಮ ಕಾಕಾ ಕುವೈತಿನಲ್ಲಿ ಮಕ್ಕಳಿಗೆ ಜಗಳ ಕಲಿಸುತ್ತಾನೆ. ತಮಾಷೆಗೆ ಹೇಳುತ್ತಿಲ್ಲ! ಪ್ರತಿ ಶುಕ್ರವಾರ ಸಂಜೆ ನಾಲ್ಕರಿಂದ ಆರರವರೆಗೆ, ರಿಗ್ಗೈ ಬಡಾವಣೆಯ ತನ್ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಚಾಪೆ ಹಾಸಿ, ಪುಸ್ತಕ ತೆರೆದು, ಕ್ರಮಬದ್ಧವಾಗಿ ಕಲಿಸುತ್ತಾನೆ. ಉಳಿದವರು ತಮ್ಮ ಮಕ್ಕಳನ್ನು ಕರಾಟೆಗೋ ಕೀಬೋರ್ಡಿಗೋ ಕಳಿಸಿ, ಮನೆಯಲ್ಲಿ ಜಗಳ ನಿಲ್ಲಲಿ ಎಂದು ಹರಕೆ ಹೊರುತ್ತಾರೆ. ಇವನು ನಿಲ್ಲಿಸುವುದಿರಲಿ, ಶುರು ಮಾಡಿಸುತ್ತಾನೆ! ನ್ಯಾಯವಾಗಿ ನೋಡಿದರೆ ತಾಯಂದಿರೆಲ್ಲ ಸೇರಿ ಅವನನ್ನು ಮೊದಲ ವಿಮಾನಕ್ಕೆ ಹತ್ತಿಸಬೇಕಿತ್ತು. ಬದಲಿಗೆ ಡಬ್ಬಿ ತುಂಬ ಚಕ್ಕುಲಿ ಕಳಿಸುತ್ತಾರೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ ಜನರೇಟರ್ ರಿಪೇರಿ ಮಾಡುತ್ತಾನೆ. ನಾನು ಮದುವೆಯಾಗಿ ಇಲ್ಲಿಗೆ ಬರುವುದಕ್ಕೂ ಬಹಳ ಮುಂಚೆಯೇ ಬಂದವನು. ಅವನಿಗೆ ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆ, "ಎರಡೂ ಕಡೆ ವಾದ ಕೇಳಿದ್ನಿ. ತೀರ್ಪು ಕೊಡಾಕ ಆಗ್ಲಿಲ್ಲ" ಎಂದು ಗಂಭೀರವಾಗಿ ಉತ್ತರಿಸುತ್ತಾನೆ.

ಅವನ ಪಠ್ಯಪುಸ್ತಕವನ್ನು ನೀವು ನೋಡಬೇಕು! ಕಲಬುರಗಿಯಲ್ಲಿ ವಕೀಲರ ಬಳಿ ಗುಮಾಸ್ತನಾಗಿದ್ದ ನಮ್ಮಜ್ಜನ ಪುಸ್ತಕ ಅದು. ನೂರಾರು ವರ್ಷಗಳ ಹಿಂದಿನ ಧರ್ಮಶಾಸ್ತ್ರದ ವ್ಯಾಖ್ಯಾನವನ್ನು ಯಾರೋ ಪುಣ್ಯಾತ್ಮರು ಕನ್ನಡಕ್ಕೆ ತಂದಿದ್ದಾರೆ. ಪುಟದ ನಡುವೆ ದಪ್ಪಕ್ಷರದಲ್ಲಿ ಎರಡೇ ಸಾಲು. ಅದರ ಅರ್ಥ ಹೀಗೆ ಎಂದು ಕೆಳಗೊಬ್ಬ ಪಂಡಿತ. ಹಾಗಲ್ಲ, ಹೀಗೆ ಎಂದು ಅವನ ಪಕ್ಕದಲ್ಲಿ ಇನ್ನೊಬ್ಬ. ಇಬ್ಬರಿಗೂ ಬುದ್ಧಿಯಿಲ್ಲ ಎಂದು ಪುಟದ ತುದಿಯಲ್ಲಿ ಮೂರನೆಯವ. ಕಳೆದ ಎಮ್ಮೆ ಯಾರದು, ನೆಲದಲ್ಲಿ ಸಿಕ್ಕ ನಿಧಿ ಯಾರದು, ಇಬ್ಬರ ಹೊಲದ ನಡುವಿನ ಮರದ ಹಣ್ಣು ಯಾರದು, ಎಲ್ಲವೂ ಅದರಲ್ಲಿದೆ. ಅಜ್ಜನ ಆಸ್ತಿ ಭಾಗವಾದಾಗ ಮನೆ, ಹೊಲ, ತಾಮ್ರದ ಹಂಡೆ ಎಲ್ಲಕ್ಕೂ ಹಕ್ಕುದಾರರಿದ್ದರು. ಆಸ್ತಿ ಹೇಗೆ ಭಾಗ ಮಾಡಬೇಕೆಂದು ಹೇಳುವ ಈ ಪುಸ್ತಕಕ್ಕೆ ಮಾತ್ರ ಯಾರೂ ಇರಲಿಲ್ಲ! ಕಾಕಾ ಎತ್ತಿಕೊಂಡು ಬಂದ.

ಪಾಠಶಾಲೆ ಶುರುವಾದದ್ದು ನಮ್ಮ ಮನೆಯ ಸೋಫಾದ ಮೇಲೆ. ಒಂದು ಶುಕ್ರವಾರ ಊಟಕ್ಕೆ ಬಂದಿದ್ದ ಗೆಳೆಯರ ಮಕ್ಕಳಿಬ್ಬರು ಕಿಟಕಿ ಪಕ್ಕದ ಜಾಗಕ್ಕಾಗಿ ಕಿತ್ತಾಡುತ್ತಿದ್ದರು. "ಐ ಸ್ಯಾಟ್ ಫಸ್ಟ್!" "ಐ ಕೆಪ್ಟ್ ಮೈ ಬ್ಯಾಗ್!" ನಾವೆಲ್ಲ ಗದರಿಸಲು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಚಪ್ಪಾಳೆ ಹೊಡೆದ.

"ಬಾಳ ಛಲೋ ವ್ಯಾಜ್ಯ! ಒಬ್ಬಾಂವ ಕುಂತಾನ, ಇನ್ನೊಬ್ಬಾಂವ ಚೀಲ ಇಟ್ಟಾನ. ಚೀಲ ಕುಂತ್ರ ಮನಷ್ಯಾ ಕುಂತಂಗೋ, ಅಲ್ಲೋ? ಹೇಳ್ರಿ! ಆದ್ರ ಕನ್ನಡದಾಗ ಹೇಳ್ಬೇಕು. ನನ್ನ ಪುಸ್ತಕದಾಗಿನ ಪಂಡಿತರಿಗೆ ಇಂಗ್ಲಿಷ್ ಬರಂಗಿಲ್ಲ."

ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ಆ ಎರಡು ಮರಿಗಳು ಗೆಲ್ಲುವ ಆಸೆಗೆ ಮುಕ್ಕಾಲು ಗಂಟೆ ಕನ್ನಡದಲ್ಲಿ ವಾದಿಸಿದವು! ಒಂದು ಮಗುವಿನ ತಾಯಿ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದು ಅತ್ತೇಬಿಟ್ಟಳು. ಮುಂದಿನ ವಾರ ಕಾಕಾನ ಮನೆಯಲ್ಲಿ ಆರು ಮಕ್ಕಳಿದ್ದರು. ಎರಡು ತಿಂಗಳಿಗೆ ಹದಿನಾಲ್ಕು.

ಕಾಕಾನ ಶಾಲೆಗೆ ಪ್ರವೇಶ ಪರೀಕ್ಷೆಯೂ ಇತ್ತು. ಒಂದೇ ಪ್ರಶ್ನೆ: "ನಿಮ್ಮ ಮನ್ಯಾಗ ಜಗಳದಾಗ ಯಾರು ಗೆಲ್ತಾರ?" ಅಪ್ಪ ಎಂದವರೂ ಪಾಸು, ಅಮ್ಮ ಎಂದವರೂ ಪಾಸು. "ನಮ್ಮ ಮನೆಯಲ್ಲಿ ಜಗಳವೇ ಇಲ್ಲ" ಎಂದ ಒಬ್ಬನನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿ, ಮನೆಗೆ ಹೋಗಿ ಸರಿಯಾಗಿ ವಿಚಾರಿಸಿಕೊಂಡು ಬಾ ಎಂದು ಕಳಿಸಿದ!

ಪಾಠದ ರೀತಿಯೂ ವಿಚಿತ್ರ. ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸುತ್ತಾನೆ. ಜನರೇಟರಿನ ನಕ್ಷೆ ಅಚ್ಚು ಮಾಡುವ ದೊಡ್ಡ ಹಾಳೆಯಲ್ಲಿ ಪುಸ್ತಕದ ಪುಟವನ್ನು ಜೆರಾಕ್ಸ್ ಮಾಡಿಸಿ ಮಧ್ಯೆ ಹರಡುತ್ತಾನೆ. ಜೋರಾಗಿ ಓದಬೇಕು, ಜೋರಾಗಿಯೇ ಅಲ್ಲ ಎನ್ನಬೇಕು. ಆದರೆ ಒಂದು ಕಟ್ಟುನಿಟ್ಟಿನ ನಿಯಮ. ಎದುರಾಳಿಯ ಮಾತನ್ನು ಅಲ್ಲಗಳೆಯುವ ಮೊದಲು ಆ ಮಾತನ್ನು ನೀನೇ ಹೇಳಬೇಕು. ಎಷ್ಟು ಚೆನ್ನಾಗಿ ಹೇಳಬೇಕೆಂದರೆ, "ಹೌದು, ನಾನು ಹೇಳಿದ್ದು ಇದನ್ನೇ" ಎಂದು ಅವನು ಒಪ್ಪಬೇಕು. ಆಮೇಲೆ ಬೇಕಾದರೆ ಚಿಂದಿ ಮಾಡು!

ಹದಿನಾಲ್ಕು ಮಕ್ಕಳು ಒಟ್ಟಿಗೆ ಎಮ್ಮೆ ಯಾರದೆಂದು ಕಿರುಚಿದರೆ ಕಟ್ಟಡ ಏನಾಗಬೇಕು? ಮೂರನೆಯ ಮಹಡಿಯಲ್ಲಿ ಒಬ್ಬರು ಈಜಿಪ್ಟಿನ ಮೇಷ್ಟ್ರಿದ್ದಾರೆ. ನಿವೃತ್ತರು, ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಯಾರೋ ಯಾರನ್ನೋ ಕೊಲ್ಲುತ್ತಿದ್ದಾರೆಂದು ಚಪ್ಪಲಿಯನ್ನೂ ಹಾಕದೆ ಓಡಿಬಂದರು. ಕಾಕಾ ತನ್ನ ಅರಬ್ಬಿಯಲ್ಲಿ ವಿವರಿಸಿದ. ಅವನ ಅರಬ್ಬಿ ವರ್ಕ್‌ಶಾಪಿನದು. ಅದರಲ್ಲಿ ನಟ್ಟು, ಬೋಲ್ಟು, ಯಲ್ಲಾ, ಖಲಾಸ್ ಇವೆ, ಧರ್ಮಶಾಸ್ತ್ರಕ್ಕೆ ಪದವಿಲ್ಲ! ಆದರೂ ಉಸ್ತಾದರಿಗೆ ಏನು ತಿಳಿಯಿತೋ, ಗೋಡೆಗೆ ಒರಗಿ ಕೂತು, ಮಕ್ಕಳ ಮುಖಗಳನ್ನು ನೋಡುತ್ತ ಎರಡು ಲೋಟ ಚಹಾ ಕುಡಿದು ಹೋದರು. ಮುಂದಿನ ಶುಕ್ರವಾರ ಗಲಾಟೆ ಶುರುವಾಗುವ ಮೊದಲೇ ಬಂದು ಕೂತಿದ್ದರು.

ಇಷ್ಟೆಲ್ಲ ಹೇಳಿ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಆ ಹದಿನಾಲ್ಕರಲ್ಲಿ ನನ್ನ ಮಗಳು ಇರಲಿಲ್ಲ.

ಭೂಮಿಗೆ ಹನ್ನೆರಡು ವರ್ಷ. ಅಕ್ಷರಗಳು ಅವಳ ಕಣ್ಣೆದುರು ಒಂದು ಕಡೆ ನಿಲ್ಲುವುದಿಲ್ಲ. ಒಂದು ಸಾಲು ಓದುವಷ್ಟರಲ್ಲಿ ಉಳಿದವರು ಪುಟ ಮುಗಿಸಿರುತ್ತಾರೆ. ಮಾತೂ ಹಾಗೆಯೇ. ಒಂದು ಪದ ಹೊರಬಂದು, ಮುಂದಿನದಕ್ಕೆ ದಾರಿ ಬಿಡುವುದಕ್ಕೆ ಬಹಳ ಹೊತ್ತು ಬೇಕು. ಡಾಕ್ಟರು ಅದಕ್ಕೆ ಉದ್ದನೆಯ ಹೆಸರು ಹೇಳಿದರು. ಇಲ್ಲಿಯ ಶಾಲೆಯ ವೇಗಕ್ಕೆ ಅವಳು ಹೊಂದುತ್ತಿಲ್ಲವೆಂದು, ಬೇಸಿಗೆಯ ನಂತರ ಧಾರವಾಡದಲ್ಲಿ ಇಂಥ ಮಕ್ಕಳಿಗೆಂದೇ ಇರುವ ವಸತಿಶಾಲೆಗೆ ಸೇರಿಸುವುದೆಂದು ನಾನೂ ನನ್ನವರೂ ತೀರ್ಮಾನಿಸಿದ್ದೆವು. ನನ್ನ ಅಕ್ಕ ಅಲ್ಲೇ ಇದ್ದಾಳೆ, ನೋಡಿಕೊಳ್ಳುತ್ತಾಳೆ. ಅರ್ಜಿ ತುಂಬಿಯಾಗಿತ್ತು. ಅವಳಿಗೂ ಹೇಳಿದ್ದೆವು. ತಲೆಯಾಡಿಸಿದ್ದಳು. ಒಪ್ಪಿಗೆಯೆಂದುಕೊಂಡೆವು.

ಹೀಗಿರುವಾಗ ಒಂದು ಬುಧವಾರ ಕಾಕಾ ನಮ್ಮ ಅಡುಗೆಮನೆಗೆ ನುಗ್ಗಿದ.

"ಭೂಮವ್ವನ್ನ ಯಾಕ ಕಳಸವಲ್ಲಿ?"

"ಕಾಕಾ, ಅದು ಓದೋ ಕ್ಲಾಸು, ಮಾತಾಡೋ ಕ್ಲಾಸು. ಆಕಿಗೆ ಅವೆರಡ ಕಷ್ಟ. ಎಲ್ಲಾರ ಎದುರು ಮಕ್ಕಳು ನಕ್ರ?"

"ಮೊದಲ ನನ್ನ ಪಕ್ಷ ನೀ ಹೇಳು. ಆಮ್ಯಾಲ ನಿಂದು."

"ಒಲಿ ಮ್ಯಾಲ ಸಾರೈತಿ, ಕಾಕಾ!"

"ಸಾರು ಕುದೀಲಿ. ನಾ ಯಾಕ ಆಕೀನ ಕಳಸು ಅಂತೀನಿ? ನಂಗ ಹೌದನ್ನೂಹಂಗ ಹೇಳು."

ಎಂಥ ಉಪದ್ವ್ಯಾಪ! ಸೌಟು ಹಿಡಿದು ನಿಂತು ನಾನು ಕಾಕಾನ ಪರವಾಗಿ ವಾದಿಸತೊಡಗಿದೆ. "ನೀ ಏನ್ ಅಂತಿ ಅಂದ್ರ… ಆಕಿ ನಿಧಾನ, ಆದ್ರ ದಡ್ಡಿ ಅಲ್ಲ. ನಿಧಾನ ಇದ್ದಾರು ಓದೂದಕ್ಕ ಈ ಪುಸ್ತಕ ಐತಿ, ಯಾಕಂದ್ರ ಒಂದು ಸಾಲಿಗೆ ಎಲ್ಲಾರೂ ಒಂದು ತಾಸು ಕುಂದರತಾರ. ಮತ್ತ… ನಗ್ತಾರ ಅಂತ ನಾ ಅಂಜತೀನಿ ಹೊರತು, ಆಕಿ ಅಂಜ್ಯಾಳೋ ಇಲ್ಲೋ ನಾ ಕೇಳಿಲ್ಲ…"

"ಹೌದು" ಎಂದ ಕಾಕಾ. "ಈಗ ನಿನ್ನ ಪಕ್ಷ ಹೇಳು."

ನನ್ನ ಪಕ್ಷದಲ್ಲಿ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಸಾರು ಮಾತ್ರ ಉಕ್ಕಿತ್ತು!

ಆ ಶುಕ್ರವಾರ ಭೂಮಿಯನ್ನು ಕಾಕಾ ಯಾರ ಜೋಡಿ ಕೂರಿಸಬೇಕು? ರಯಾನ್ ಜೋಡಿ! ರಯಾನ್ ಎಂದರೆ ನಮ್ಮ ಪಕ್ಕದ ಫ್ಲ್ಯಾಟಿನ ಮಂಗಳೂರಿನ ಲವೀನಾಳ ಮಗ. ಲವೀನಾ ಆಸ್ಪತ್ರೆಯಲ್ಲಿ ನರ್ಸ್. ಮಗ ಎಲ್ಲದರಲ್ಲೂ ಫಸ್ಟ್. ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತುವ ಹುಡುಗ. ಮೂರು ವಾರ ಕಳೆಯಿತು. ಬೇರೆ ಜೋಡಿಗಳು ಎಮ್ಮೆಯಿಂದ ಮಾವಿನ ಮರಕ್ಕೆ, ಮರದಿಂದ ಬಾವಿಗೆ ಹೋದವು. ಇವರಿಬ್ಬರು ಹಾಳೆಯ ಮೊದಲ ಸಾಲಿನಲ್ಲೇ! ಲವೀನಾ ನನ್ನ ಬಳಿ ಬಂದಳು.

"ಬೇಜಾರು ಮಾಡ್ಬೇಡಿ ಮಾರಾಯ್ರೆ, ನಂಗೆ ಭೂಮಿ ಅಂದ್ರೆ ಪ್ರೀತಿಯೇ. ಆದ್ರೆ ನಮ್ಮವ ಮನೆಗೆ ಬಂದು ಅಳ್ತಾನೆ. ಅವನ ಕ್ಲಾಸಲ್ಲಿ ಅವನೇ ಲಾಸ್ಟ್ ಅಂತೆ! ಇಷ್ಟು ವರ್ಷದಲ್ಲಿ ಹೀಗೆ ಆದದ್ದೇ ಇಲ್ಲ. ನಿಮ್ಮ ಕಾಕನತ್ರ ಸ್ವಲ್ಪ ಹೇಳಿ ಆಯ್ತಾ?"

ನಾನು ಹೆದರಿದ್ದು ಇದಕ್ಕೇ ಅಲ್ಲವೇ? ಇಬ್ಬರೂ ಸೇರಿ ಕಾಕಾನ ಮನೆಗೆ ಹೋದೆವು. ಪಾಠ ನಡೆದಿತ್ತು. ಬಾಗಿಲ ಹೊರಗೆ ನಿಂತೆವು.

"ಕಳೆದ ವಸ್ತು ಸಿಕ್ಕವನು ಊರಿಗೆಲ್ಲ ಸಾರಬೇಕು" ಎಂದು ರಯಾನ್ ಓದುತ್ತಿದ್ದ. "ಗುರುತು ಹೇಳಿದವನಿಗೆ ಕೊಡಬೇಕು. ಸಿಂಪಲ್. ನೆಕ್ಸ್ಟ್?"

ಭೂಮಿ ಹಾಳೆಯ ಮೇಲೆ ಬೆರಳಿಟ್ಟಿದ್ದಳು. ಬಹಳ ಹೊತ್ತಾದ ಮೇಲೆ, "ಸಾರಬೇಕು… ಎಷ್ಟು… ದಿನ?" ಎಂದಳು.

ರಯಾನ್ ಹಾಳೆ ನೋಡಿದ. ಬಾಯಿ ತೆರೆದ. ಮುಚ್ಚಿದ. "ಅದು… ಒಂದು ದಿನ? ವೇಟ್. ಮಾಲೀಕ ಊರಲ್ಲಿ ಇಲ್ಲದಿದ್ರೆ?" ಕೆಳಗಿನ ಪಂಡಿತನನ್ನು ಓದಿದ. ಅವನು ಅವಧಿ ಹೇಳಿದ್ದ. ಪಕ್ಕದವನು ಅದು ಸಾಲದೆಂದಿದ್ದ. ರಯಾನ್ ಮೊಣಕಾಲ ಮೇಲೆ ಎದ್ದು ಕಾಕಾನತ್ತ ತಿರುಗಿದ. "ಅಜ್ಜಾ! ಇಲ್ಲಿ ಇಬ್ರೂ ಫೈಟ್ ಮಾಡ್ತಾ ಇದ್ದಾರೆ! ನಾನು ನೋಡಿರ್ಲೇ ಇಲ್ಲ!"

ಕಾಕಾ ದೂರದಿಂದಲೇ ಕೂಗಿದ: "ನಿನಗ ಕಾಣಲಿಲ್ಲ, ಆಕಿಗೆ ಕಂಡ್ತು! ಆಕೀಗೆ ತಿಳಿಯೂತನಕ ನಿನಗ ತಿಳಿದಿಲ್ಲ ಅಂತನ ಲೆಕ್ಕ, ತಮ್ಮಾ!"

ಲವೀನಾ ನನ್ನ ಮುಖ ನೋಡಿದಳು. "ಬನ್ನಿ, ಹೋಗುವ" ಎಂದಳು. ದೂರು ಹೇಳಲು ಬಂದವರು ಬಾಗಿಲೂ ತಟ್ಟದೆ ಮೆಟ್ಟಿಲಿಳಿದೆವು.

ಇನ್ನು ಹಕ್ಕಿಯ ಪ್ರಕರಣ! ಅದನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಉಸ್ತಾದರು ಬರದಿದ್ದ ಒಂದು ಶುಕ್ರವಾರ ಕಿಟಕಿಯಿಂದ ಒಂದು ಹಕ್ಕಿ ಒಳಗೆ ಬಂದು, ಇಡೀ ಕೋಣೆಗೆ ಎರಡು ಸುತ್ತು ಹಾಕಿ, ಸೀದಾ ಪುಸ್ತಕದ ಮೇಲೆ ಕೂತಿತು. ಬೂದು ಮೈ, ಹಳದಿ ಜುಟ್ಟು, ಕೆನ್ನೆಗೆ ಕಿತ್ತಳೆ ಬಣ್ಣದ ಬೊಟ್ಟು. ಯಾರೋ ಸಾಕಿದ್ದು. ಮಕ್ಕಳು ಹುಚ್ಚೆದ್ದರು. ಎಷ್ಟು ಕಾಲ ಇಲ್ಲದ ಎಮ್ಮೆಗೆ ಕಿರುಚುವುದು? ನಿಜವಾದ ಕಳೆದ ವಸ್ತು ರೆಕ್ಕೆ ಬಡಿದುಕೊಂಡು ಬಂದಿದೆ!

"ಸಾರ್ರಿ!" ಎಂದ ಕಾಕಾ. ಲಿಫ್ಟಿನಲ್ಲಿ ಅರಬ್ಬಿ, ಇಂಗ್ಲಿಷ್, ಹಿಂದಿ, ಕನ್ನಡ ನಾಲ್ಕು ಭಾಷೆಯಲ್ಲಿ ಚೀಟಿ ಅಂಟಿತು. ಗುರುತು ಬರೆಯಬಾರದೆಂದು ರಯಾನ್ ಹಟ ಹಿಡಿದ. ಸರಿಯೇ. ಆದರೆ ಆ ವಾರವಿಡೀ ಕಟ್ಟಡದ ಅರ್ಧ ಜನ ಕಾಕಾನ ಮನೆಗೆ ಬಂದು ಹಕ್ಕಿ ನೋಡಿ ಹೋಗಿದ್ದರು!

ಮುಂದಿನ ಶುಕ್ರವಾರ ಇಬ್ಬರು ಹಕ್ಕುದಾರರು ಚಾಪೆಯ ಮೇಲೆ ಕೂತಿದ್ದರು. ಒಬ್ಬರು ನಮ್ಮ ಉಸ್ತಾದರೇ! ಇನ್ನೊಬ್ಬ ಕೆಳಗಿನ ಬಕಾಲಾದ, ಎಂದರೆ ಕಿರಾಣಿ ಅಂಗಡಿಯ ಮಲಯಾಳಿ; ಅವನನ್ನು ಎಲ್ಲರೂ ಇಕ್ಕಾ, ಅಣ್ಣ, ಎನ್ನುತ್ತೇವೆ. ಇಬ್ಬರೂ ಬಣ್ಣ ಹೇಳಿದರು, ಜುಟ್ಟು ಹೇಳಿದರು, ಬೊಟ್ಟು ಹೇಳಿದರು. ಇಬ್ಬರದೂ ಸರಿ. ಇಕ್ಕಾ, "ಭಾಯಿ, ಮೇರಾ ಹೈ, ರಂಜಾನ್ ಕೆ ಪೆಹಲೇ ಉಡ್ ಗಯಾ" ಎಂದು, ರಂಜಾನಿಗೂ ಮೊದಲು ಹಾರಿಹೋದ ತನ್ನದೇ ಹಕ್ಕಿಯೆಂದು ಎದೆ ತಟ್ಟಿಕೊಂಡ. ಉಸ್ತಾದರು ಎದೆ ತಟ್ಟಿಕೊಳ್ಳಲಿಲ್ಲ. ಹಕ್ಕಿಯನ್ನೇ ನೋಡುತ್ತಿದ್ದರು. ನಾನೂ ಲವೀನಾಳೂ ಆವತ್ತು ಬಾಗಿಲ ಹೊರಗೆ ನಿಲ್ಲದೆ ಒಳಗೇ ಕೂತಿದ್ದೆವು. ಮಕ್ಕಳು ಎರಡು ಪಕ್ಷವಾದರು. ಶಿಳ್ಳೆ ಹಾಕಿ ನೋಡಬೇಕೆಂದು ಒಬ್ಬ, ಹೆಸರು ಕರೆದು ನೋಡಬೇಕೆಂದು ಇನ್ನೊಬ್ಬಳು. ಹಕ್ಕಿ ಎರಡು ಶಿಳ್ಳೆಗೂ ಜುಟ್ಟು ಎತ್ತಿತು. ಎರಡು ಹೆಸರಿಗೂ ಕತ್ತು ಓರೆ ಮಾಡಿತು. ಅದಕ್ಕೂ ಕಾಕಾನ ಪಾಠ ತಾಗಿತ್ತೋ ಏನೋ!

ಆ ಗದ್ದಲದ ನಡುವೆ ಭೂಮಿ ಕೈ ಎತ್ತಿದಳು.

ಕಾಕಾ ಎರಡೂ ಕೈ ಮೇಲೆತ್ತಿದ. ಕೋಣೆ ನಿಶ್ಶಬ್ದವಾಯಿತು. ಅವಳು, "ಹಕ್ಕಿ…" ಎಂದಳು. ನಿಂತಳು. ಮುಂದಿನ ಪದ ಅವಳ ಗಂಟಲಲ್ಲಿ ಏಳುತ್ತಿರುವುದು ನನಗೆ ಕಾಣುತ್ತಿತ್ತು. ಹಕ್ಕಿಗೆ ಹಸಿವೆ, ಹಕ್ಕಿಗೆ ನೀರು, ಹೀಗೆ ಏನೋ ಇರಬೇಕೆಂದು ನಾನು ಬಾಯಿ ತೆರೆದೇಬಿಟ್ಟೆ. ಲವೀನಾ ನನ್ನ ತೊಡೆ ಚಿವುಟಿದಳು.

"ಹಕ್ಕಿ… ಕಳೆದು ಹೋಯ್ತಾ? ಬಿಟ್ಟು… ಹೋಯ್ತಾ?"

ರಯಾನ್ ಚೀರಿದ: "ಓ ಮೈ ಗಾಡ್! ಎಮ್ಮೆ ದಾರಿ ತಪ್ಪುತ್ತೆ. ಇದು ದಾರಿ ತಪ್ಪಿಲ್ಲ, ತಾನಾಗೇ ಹೋಗಿದ್ರೆ? ಬಿಟ್ಟು ಹೋಗಿದ್ರೆ ಅದು ಕಳೆದ ವಸ್ತುನೇ ಅಲ್ಲ! ಆವಾಗ ಇಬ್ಬರದೂ ಅಲ್ಲ!"

ಕಾಕಾ ಎದ್ದು ಕುಣಿದ! ಐವತ್ತೆಂಟು ವರ್ಷದ, ಮಂಡಿನೋವಿನ ಜನರೇಟರ್ ಮೆಕ್ಯಾನಿಕ್ ಚಾಪೆಯ ಮೇಲೆ ಕುಣಿದ! "ಮೂರು ಪಂಡಿತರು! ಮೂರೂ ಮಂದಿ ಕೇಳಿಲ್ಲ! ಪೆನ್ಸಿಲ್ ಎಲ್ಲೈತಿ, ಪೆನ್ಸಿಲ್!" ಮೂರನೆಯ ಪಂಡಿತನ ಕೆಳಗೆ ಉಳಿದಿದ್ದ ಬಿಳಿ ಜಾಗದಲ್ಲಿ ಭೂಮಿಯ ಪ್ರಶ್ನೆಯನ್ನು ಬರೆದು, ಮುಂದೆ ಅವಳ ಹೆಸರು ಬರೆದ.

ಪ್ರಶ್ನೆಯನ್ನು ಹಿಂದಿಯಲ್ಲಿ ಕೇಳಿ ತಿಳಿದು, ಉಸ್ತಾದರಿಗೆ ಅರಬ್ಬಿಯಲ್ಲಿ ಹೇಳಿದ್ದು ಇಕ್ಕಾ. ಉಸ್ತಾದರು ಭೂಮಿಯ ಕಡೆ ತಿರುಗಿದರು. ಆಮೇಲೆ ನಿಧಾನವಾಗಿ ಏನೋ ಹೇಳಿದರು. ಇಕ್ಕಾನ ಧ್ವನಿ ಇಳಿದಿತ್ತು. "ಬೋಲ್ತಾ ಹೈ, ಬೀವಿ ಕಾ ಪಂಛೀ ಥಾ. ಬೀವಿ ಗುಜರ್ ಗಯೀ. ಇಸ್ನೇ ಖುದ್ ಖಿಡ್ಕೀ ಖೋಲಾ." ಹೆಂಡತಿಯ ಹಕ್ಕಿ ಅದು. ಆಕೆ ತೀರಿಹೋದ ಮೇಲೆ ಅದು ತಿನ್ನುವುದನ್ನು ಬಿಟ್ಟಿತ್ತು. ಉಸ್ತಾದರೇ ಪಂಜರ ತೆರೆದು, ಕಿಟಕಿ ತೆರೆದಿಟ್ಟಿದ್ದರು. "ಆದ್ದರಿಂದ ಹುಡುಗಿ ಹೇಳಿದ್ದೇ ಸರಿ" ಎಂದರಂತೆ. "ಅದು ಕಳೆದಿಲ್ಲ. ನನ್ನದಲ್ಲ. ಇವನಿಗೆ ಕೊಡಿ."

ಇಕ್ಕಾ ಎದ್ದು ನಿಂತ. "ನಹೀಂ ನಹೀಂ! ಮೇರಾ ನಹೀಂ ಹೈ!" ಅವನ ಹಕ್ಕಿ ಹಾರಿಹೋದದ್ದು ನಿಜವಂತೆ, ಆದರೆ ಅದು ಹಸಿರು ಗಿಣಿಯಂತೆ! ಇದನ್ನು ನೋಡಿ ಆಸೆಯಾಯಿತಂತೆ!

ಈಗ ಹೊಸ ಜಗಳ. ನಿನ್ನದು ಎಂದು ಇವನು, ಅಲ್ಲ ನಿನ್ನದು ಎಂದು ಅವರು! "ಇದಕ್ಕ ಪುಸ್ತಕದಾಗ ಜಾಗಾನ ಇಲ್ಲಲ್ಲೋ!" ಎಂದು ಕಾಕಾ ತಲೆ ಮೇಲೆ ಕೈಹೊತ್ತು ಕೂತ. ಎರಡು ವಾರ ವಾದ ನಡೆಯಿತು. ಕೊನೆಗೆ ಮಕ್ಕಳು ತೀರ್ಪು ಕೊಟ್ಟರು. ಹಕ್ಕಿ ಉಸ್ತಾದರ ಮನೆಯಲ್ಲಿ ಇರಲಿ, ಕಿಟಕಿ ತೆರೆದಿರಲಿ, ಕಾಳು ಇಕ್ಕಾ ತರಲಿ. ಹಕ್ಕಿ ಈವರೆಗೆ ಆ ತೀರ್ಪನ್ನು ಪ್ರಶ್ನಿಸಿಲ್ಲ. ಶುಕ್ರವಾರಗಳಲ್ಲಿ ಉಸ್ತಾದರ ಹೆಗಲ ಮೇಲೆ ಕೂತು ಪಾಠಕ್ಕೆ ಬರುತ್ತದೆ.

ಆ ತೀರ್ಪಿನ ಮರುದಿನವಲ್ಲ, ಅದರ ಮರುದಿನ, ಭಾನುವಾರ ಬೆಳಿಗ್ಗೆ ಕಾಕಾನ ಗಾಡಿ ಕೆಟ್ಟಿತ್ತು. ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವನನ್ನು ಶುವೈಖ್‌ಗೆ ಬಿಟ್ಟೆ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಭೂಮಿ ಹಾಗೆ ಕೇಳಿದಳಲ್ಲ, ನಾನೇ ನಡುವೆ ಬಾಯಿ ಹಾಕಿ ಕೆಡಿಸುತ್ತಿದ್ದೆನಲ್ಲ ಎಂದು ನಗುತ್ತ ಹೇಳಿದೆ. ಕಾಕಾ ನಗಲಿಲ್ಲ.

"ನಿಮ್ಮಪ್ಪ ಬಾಳ ಶಾಣ್ಯಾ" ಎಂದ. "ಸಣ್ಣಾಂವ ಇದ್ದಾಗ ನನ್ನ ಮಾತು ತೊಡರತಿತ್ತು. ನಾ ಒಂದು ಶಬ್ದ ಅಂದ್ರ ಸಾಕು, ಉಳಿದದ್ದು ಅಣ್ಣ ಹೇಳಿ ಮುಗಸ್ತಿದ್ದ. ಮಾಸ್ತರ ಮುಂದ, ಅಪ್ಪನ ಮುಂದ, ಎಲ್ಲಾ ಕಡೆ. ಸಿಟ್ಟಿಲೆ ಅಲ್ಲವಾ. ನಂಗ ತ್ರಾಸ ಆಗಬಾರದಂತ, ಪ್ರೀತಿಲೆ. ಆದ್ರ ಅಂವ ಹೇಳಿದ್ದು ನಾ ಹೇಳಬೇಕಂದದ್ದು ಆಗಿರತಿರಲಿಲ್ಲ. ಅದಕ್ಕ ನಾ ಮಾತಾಡೂದ ಬಿಟ್ಟೆ. ಎಂಟು ವರ್ಷ. ಗ್ಯಾರೇಜಿನ್ಯಾಗ ಇಂಜಿನ್ ಜೋಡಿ ಮಾತಾಡತಿದ್ದೆ. ಅದು ನಡುವ ಬಾಯಿ ಹಾಕಂಗಿಲ್ಲ ನೋಡು."

ಹಿಂದಿನ ಗಾಡಿಯವನು ಹಾರನ್ ಹೊಡೆದ. ಹಸಿರು ದೀಪ ಬಂದು ಎಷ್ಟು ಹೊತ್ತಾಗಿತ್ತೋ! "ಯಲ್ಲಾ, ನಡಿ" ಎಂದ ಕಾಕಾ. ವರ್ಕ್‌ಶಾಪಿನ ಎದುರು ಇಳಿದು, ಗ್ರೀಸು ಮೆತ್ತಿದ ಟೋಪಿ ಹಾಕಿಕೊಂಡು, ತಿರುಗಿ ನೋಡದೆ ಒಳಗೆ ಹೋದ.

ಆ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ನನ್ನವರು ಮೇಜಿನ ಬಳಿ ಕೂತಿದ್ದರು. ಭೂಮಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಮ್ಮಾ, ನಾನು… ಧಾರವಾಡಕ್ಕೆ… ಹೋಗ್ತೀನಿ…"

ನನ್ನವರು, "ಹೌದು ಪುಟ್ಟಾ, ಅಲ್ಲಿ ದೊಡ್ಡಮ್ಮ…" ಎಂದು ಶುರು ಮಾಡಿದರು. ನಾನು ಹಿಟ್ಟಿನ ಕೈಯನ್ನೇ ಅವರ ಬಾಯಿಗೆ ಅಡ್ಡ ಹಿಡಿದೆ. ಅವಳ ಮಾತು ಮುಗಿದಿರಲಿಲ್ಲ. ಅವಳ ತುಟಿ ಇನ್ನೂ ಏನನ್ನೋ ಹುಡುಕುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬಿತು, ಇಳಿಯಿತು, ಹೊಗೆಯಾಡಿತು. ಹನ್ನೆರಡು ವರ್ಷಗಳಲ್ಲಿ ನಾನು ಇಷ್ಟು ಹೊತ್ತು ಸುಮ್ಮನೆ ನಿಂತದ್ದಿಲ್ಲ.

"…ರಜೆಗೆ ಮಾತ್ರ. ಓಕೆ?"

"ಓಕೆ" ಎಂದೆ. ಕಪ್ಪಗೆ ಸುಟ್ಟಿದ್ದ ಆ ರೊಟ್ಟಿಯನ್ನು ನಾವು ಮೂವರೂ ಹರಿದುಕೊಂಡು ತಿಂದೆವು.